ಮೇಲಕ್ಕೆ ಹರಿದ ಬಣ್ಣ

‘ಇದು ನನ್ನ ದನಿ ಅಲ್ಲ’ ಎಂದು, ಕ್ಯಾಸೆಟ್ಟು ಹಾಕಿ ಕೇಳಿದ ಮೊದಲ ದಿನ ಸ್ಲೇಟಿನ ಮೇಲೆ ಬರೆದಿದ್ದ ಮಾವ, ಮೂರನೆಯ ದಿನ ಬೆಳಿಗ್ಗೆ ಅದನ್ನು ಒರೆಸಿದರು. ‘ನನ್ನ ದನಿ ಇಷ್ಟೇ ಇತ್ತೋ ಏನೋ. ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕಿ’ ಎಂದು ಬರೆದು ಸೊಸೆಯ ಕೈಗಿಟ್ಟು, ಗೋಡೆಯ ಕಡೆ ಮುಖ ಮಾಡಿ ಕೂತುಬಿಟ್ಟರು. ಹನ್ನೆರಡು ಕ್ಯಾಸೆಟ್ಟು. ಆಪರೇಷನ್ನಿನಲ್ಲಿ ಅವರ ಗಂಟಲು ಶಾಶ್ವತವಾಗಿ ಮೌನವಾಗುವ ಮುಂಚೆ ನಲವತ್ತು ವರ್ಷ ಓದಿದ ಪದ್ಯಗಳಲ್ಲಿ ಉಳಿದದ್ದು ಅಷ್ಟೇ. ಬೀದಿಯ ತುದಿಯಲ್ಲಿ ಗುಜರಿಯವನ ಗಂಟೆ ಆಗಲೇ ಕೇಳಿಸುತ್ತಿತ್ತು.

ತಪ್ಪು ಕ್ಯಾಸೆಟ್ಟಿನದಲ್ಲ, ಹೊಸದಾಗಿ ಮನೆಗೆ ಬಂದ ಆ ಹಳೆಯ ಸ್ಪೀಕರುಗಳದ್ದು ಎಂದು ಸೊಸೆಗೆ ಅನುಮಾನ. ಗೋಡೆಗೆ ಬಣ್ಣ ಬಳಿಯುವ ಕೆಲಸದ ಅವಳ ಗಂಡ, ಯಾರೋ ಮನೆ ಖಾಲಿ ಮಾಡುವಾಗ ಬಿಟ್ಟುಹೋದದ್ದನ್ನು ಅಪ್ಪನಿಗಾಗಿ ಹೊತ್ತು ತಂದಿದ್ದ. ತಂದವನು ಸುಮ್ಮನಿರದೆ, ಎರಡು ಪೆಟ್ಟಿಗೆಗಳಿಗೂ ಮೈತುಂಬ ಕಪ್ಪು ಬಣ್ಣ ಹೊಡೆದು ಮದುವಣಗಿತ್ತಿಯರ ಹಾಗೆ ಕೂರಿಸಿದ್ದ. ನೋಡುವುದಕ್ಕೇನೋ ಜೋರಾಗಿದ್ದವು, ದನಿ ಮಾತ್ರ ಬಾವಿಯೊಳಗಿಂದ ಯಾರೋ ಸೀನಿದ ಹಾಗೆ. ರಿಪೇರಿಯವನು ಬಂದು ಒಂದು ನಿಮಿಷ ಕೇಳಿ, “ಹಳೇ ಮಾಲು, ಒಳಗೆಲ್ಲ ಸತ್ತುಹೋಗಿದೆ. ಇಲ್ಲಾಂದ್ರೆ ಓದಿದವರ ದನೀನೇ ಅಷ್ಟು” ಅಂದುಬಿಟ್ಟಿದ್ದ. ಮಾವನ ಗಂಟಲು ಹೋಗಿತ್ತೇ ಹೊರತು ಕಿವಿ ಹೋಗಿರಲಿಲ್ಲ. ಆ ಮಾತು ಎದೆಗೇ ನಾಟಿತ್ತು.

ಆ ಮನೆಗೆ ಬಂದ ಹೊಸತರಲ್ಲಿ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ದನಿ ಕೇಳಿದವಳು. ಯುದ್ಧಕ್ಕೆ ಹೊರಟ ಮಗನನ್ನು ತಾಯಿ ತಡೆಯುವ ಪದ್ಯ ಬಂದಾಗ ಮಾವನ ದನಿ ಪಾತಾಳಕ್ಕಿಳಿಯುತ್ತಿತ್ತು; ಶೆಲ್ಫಿನ ಮೇಲಿನ ಸ್ಟೀಲ್ ಡಬ್ಬಿಯ ಮುಚ್ಚಳ ತಾನಾಗಿಯೇ ಗುಂಯ್ ಎನ್ನುತ್ತಿತ್ತು. ಅಂಥ ದನಿ ಇಷ್ಟೇ ಇತ್ತು ಎಂದರೆ ದೇವರು ಮೆಚ್ಚುತ್ತಾನೆಯೇ?

“ರೀ, ಇನ್ನೊಂದು ಸಲ ಹಾಕಿ.”

“ನಿನ್ನೆಯಿಂದ ಎಷ್ಟು ಸಲ ಹಾಕೋದೇ? ಗುಜರಿಯವನು ಬಂದೇಬಿಟ್ಟ ಗಲ್ಲಿಗೆ.”

“ಹಾಕಿ ಅಂದ್ರೆ ಹಾಕಿ.”

ಟೇಪು ತಿರುಗಿತು. ಅವಳು ಕಣ್ಣು ಮುಚ್ಚಿ ಮೊದಲನೆಯ ಪೆಟ್ಟಿಗೆಗೆ ಕಿವಿ ಆನಿಸಿದಳು. ದನಿ ತುಂಬಿಕೊಂಡು ಬಂತು. ಎರಡನೆಯದಕ್ಕೆ ಆನಿಸಿದಳು. ಅಲ್ಲೂ ತುಂಬಿತ್ತು. ಎದ್ದು ಎರಡರ ನಡುವೆ ನಿಂತರೆ ದನಿ ಮಂಗಮಾಯ! ಅವಳು ಸರಸರನೆ ಹೋಗಿ ಎರಡನೆಯ ಪೆಟ್ಟಿಗೆಯ ವೈರು ಕಿತ್ತಳು. ಉಳಿದ ಒಂದೇ ಪೆಟ್ಟಿಗೆಯಿಂದ, ಮೊದಲಿಗಿಂತ ದಪ್ಪಗೆ, ಮಾವನ ದನಿ ಹೊರಬಿತ್ತು. ಗೋಡೆಯ ಕಡೆ ತಿರುಗಿದ್ದ ಬೆನ್ನು ಒಂದಿಷ್ಟು ನೆಟ್ಟಗಾಯಿತು.

“ಎರಡಿದ್ರೆ ಕಮ್ಮಿ, ಒಂದಿದ್ರೆ ಜಾಸ್ತಿ! ಇದ್ಯಾವ ಸೀಮೆ ಲೆಕ್ಕ?” ಎಂದ ಗಂಡ.

“ಮೊನ್ನೆ ನಾವಿಬ್ರೂ ಬೀರು ಸರಿಸಿದ್ವಲ್ಲ, ಹಾಗೇ. ಈ ಕಡೆಯಿಂದ ನಾನು ತಳ್ಳಿದೆ, ಆ ಕಡೆಯಿಂದ ನೀವೂ ತಳ್ಳಿದ್ರಿ. ಬೀರು ಅಲ್ಲಾಡ್ತಾ? ಇವೆರಡೂ ಹಾಗೇ ಜಗಳ ಆಡ್ತಿವೆ. ಯಾವುದೋ ಒಂದಕ್ಕೆ ವೈರು ತಿರುವುಮುರುವಾಗಿದೆ.”

“ಸಾಧ್ಯವೇ ಇಲ್ಲ. ಕೆಂಪು ತಿರುಪಿಗೆ ಕೆಂಪು ವೈರು, ಕಪ್ಪಿಗೆ ಕಪ್ಪು. ಬಣ್ಣದ ವಿಷಯದಲ್ಲಿ ನನಗೇ ಪಾಠ ಹೇಳ್ತೀಯಾ?”

ಅವಳು ಎರಡನೆಯ ಪೆಟ್ಟಿಗೆಯನ್ನು ತಿರುಗಿಸಿ ಬೆನ್ನು ನೋಡಿದಳು. ಕೆಂಪು ತಿರುಪು, ಕಪ್ಪು ತಿರುಪು, ಎರಡೂ ಫಳಫಳ. ಪಕ್ಕದಲ್ಲೇ, ಬಳಿಯುವಾಗ ಜಾರಿದ ಕಪ್ಪು ಬಣ್ಣದ ಒಂದು ಹನಿ ಉದ್ದಕ್ಕೆ ಹರಿದು ಒಣಗಿತ್ತು. ಬೆರಳಿಟ್ಟು ಸವರಿದಳು. ಹನಿ ಕೆಳಗಿನಿಂದ ಮೇಲಕ್ಕೆ ಹರಿದಿತ್ತು.

“ರೀ, ಬಣ್ಣ ಯಾವತ್ತಾದ್ರೂ ಮೇಲಕ್ಕೆ ಸುರಿಯುತ್ತಾ?”

ಗಂಡ ಬಗ್ಗಿ ನೋಡಿದ. ನೋಡಿದವನ ಮುಖ ನಿಧಾನವಾಗಿ ಆ ಕೆಂಪು ತಿರುಪಿನ ಬಣ್ಣಕ್ಕೇ ತಿರುಗಿತು.

“ಇದರ ತಳ ಒಣಗಲಿ ಅಂತ ತಲೆಕೆಳಗೆ ನಿಲ್ಲಿಸಿದ್ದೆ ಕಣೇ... ತಿರುಪಿನ ಹಳೇ ಬಣ್ಣ ಅಳಿಸಿಹೋಗಿತ್ತು. ಆ ಇನ್ನೊಂದು ಪೆಟ್ಟಿಗೆ ನೋಡ್ಕೊಂಡು, ಎಡಕ್ಕೆ ಕೆಂಪು, ಬಲಕ್ಕೆ ಕಪ್ಪು ಅಂತ ಬಳಿದುಬಿಟ್ಟೆ...”

“ತಲೆಕೆಳಗಾದ ಮೇಲೆ ಎಡ ಎಲ್ಲಿರುತ್ತೆ?”

“ಸಾಕು ಬಿಡೇ, ಅಪ್ಪ ಇದಾರೆ.”

ಅವಳು ಆಗಲೇ ವೈರುಗಳನ್ನು ಅದಲು ಬದಲು ಮಾಡಿ, ತಿರುಪು ಬಿಗಿದು, ಟೇಪನ್ನು ಹಿಂದಕ್ಕೆ ಓಡಿಸಿ ಗುಂಡಿ ಒತ್ತಿದ್ದಳು.

ದನಿ ಬಂತು. ಎಡದಿಂದಲ್ಲ, ಬಲದಿಂದಲ್ಲ, ಎರಡರ ನಡುವೆ, ಯಾರೂ ಇಲ್ಲದ ಜಾಗದಲ್ಲಿ, ಪಂಚೆ ಕೊಡವಿಕೊಂಡು ಯಾರೋ ಕೂತು ಓದಿದ ಹಾಗೆ. ತಾಯಿ ಮಗನನ್ನು ತಡೆದಳು. ದನಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು, ಇಳಿದು ಪಾತಾಳ ಮುಟ್ಟಿತು. ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ಗುಂಯ್ ಎಂದಿತು.

ಸೊಸೆ ಗೊತ್ತಿಲ್ಲದೆಯೇ ಕೈ ಮುಗಿದಿದ್ದಳು. ಬಾಗಿಲಲ್ಲಿ ಗಂಟೆ ಅಲ್ಲಾಡಿತು. “ಗುಜರಿ ಏನಾದ್ರೂ ಇದೆಯಾ ಅಮ್ಮಾ?”

“ಇದೆಯಪ್ಪಾ!” ಗಂಡ ಕಿಟಕಿಯಿಂದಲೇ ಕೂಗಿದ. “ಒಬ್ಬ ರಿಪೇರಿಯವನ ಮಾತಿದೆ, ಎತ್ಕೊಂಡು ಹೋಗ್ತೀಯಾ?”

ಮಾವ ಯಾವಾಗ ಈ ಕಡೆ ತಿರುಗಿದ್ದರೋ ಇಬ್ಬರೂ ನೋಡಿರಲಿಲ್ಲ. ಅವರ ತುಟಿ ಪದ್ಯದ ಜೊತೆಗೇ ಅಲುಗುತ್ತಿತ್ತು, ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಇದ್ದಕ್ಕಿದ್ದಂತೆ ಬೆರಳು ನಿಂತಿತು. ಹುಬ್ಬು ಗಂಟಾಯಿತು. ಕೈಚಾಚಿ ಸ್ಲೇಟು ಕೇಳಿದರು.

ಸೊಸೆ ಸ್ಲೇಟು ತಂದುಕೊಟ್ಟಳು. ಮಾವ ಅಂಗೈಯಿಂದ ಹಳೆಯದನ್ನೆಲ್ಲ ಒರೆಸಿ, ಬಳಪ ಒತ್ತಿ ಬರೆದು, ಅವಳ ಕಡೆ ತಿರುಗಿಸಿ ಹಿಡಿದರು:

‘ಮೂರನೆಯ ಸಾಲಿನಲ್ಲಿ ಉಸಿರು ಬೇಗ ತೆಗೆದುಕೊಂಡಿದ್ದೇನೆ. ಎಂಥ ಪೆದ್ದ ನಾನು! ಮತ್ತೆ ಹಾಕಮ್ಮ.’