ಹನ್ನೊಂದನೇ ಕೊಂಡಿ

ಕಾರ್ತಿಕದ ಆ ಬೆಳಿಗ್ಗೆ ಗುಮ್ಮಘಟ್ಟದ ಮೇಲೆ ಎಂಥ ಮಂಜು ಕವಿದಿತ್ತೆಂದರೆ, ಅಂಗಳದಲ್ಲಿ ನಿಂತ ಪಾಲಮ್ಮನಿಗೆ ಕೊಟ್ಟಿಗೆಯ ಎಮ್ಮೆ ಕಾಣುತ್ತಿರಲಿಲ್ಲ, ಅದರ ಉಸಿರಷ್ಟೇ ಕೇಳುತ್ತಿತ್ತು. ಅವಳ ಕಿವಿಯೆಲ್ಲ ರಸ್ತೆಯ ಆಟೋ ಸದ್ದಿನ ಕಡೆಗಿತ್ತು. ಹೈದರಾಬಾದಿನ ಪ್ರಯೋಗಾಲಯದಲ್ಲಿ ಕೆಲಸಕ್ಕಿರುವ ಅಣ್ಣನ ಮಗಳು ಲಲಿತಾ, ಪಾಲಮ್ಮ ಕಳಿಸಿದ್ದ ತುಪ್ಪವನ್ನು ಅಲ್ಲಿ ಪರೀಕ್ಷಿಸಿ, ಅದರ ನಿಜ ಏನೆಂದು ಹೇಳಲು ಬರುವವಳಿದ್ದಳು.

ಶಿವನ ಗುಡಿಯ ದೀಪಕ್ಕೆ ಪಾಲಮ್ಮ ಕೊಟ್ಟ ತುಪ್ಪದ ಪರೀಕ್ಷೆಯಲ್ಲಿ ವನಸ್ಪತಿಯಲ್ಲಿರುವಂಥ ಟ್ರಾನ್ಸ್ ಕೊಬ್ಬು ಸಿಕ್ಕಿದೆ, ಅಂದಮೇಲೆ ವನಸ್ಪತಿ ಬೆರೆತಿದೆ ಎಂದು ಧರ್ಮದರ್ಶಿ ಕೊಟ್ರಬಸಪ್ಪನವರು ಅದನ್ನು ತಿರುಗಿ ಕಳಿಸಿದ್ದರು. ಪಾಲಮ್ಮ ಬೆರೆಸಿರಲಿಲ್ಲ. ಆದರೆ ಆ ಸಲ ಬೆಣ್ಣೆ ಕಾಯಿಸಿದವಳು ಸೊಸೆ ಮಂಜಮ್ಮ. ರಾಯದುರ್ಗದ ಜೀನ್ಸ್ ಶೆಡ್ಡಿಗೆ ಹೊಲಿಯಲು ಓಡುವ ಅವಸರದವಳು. ದೇವರಿಗೆ ಎರಡು ಬಗೆದ ಕೈ ತನ್ನ ಮನೆಯದೇ ಇರಬಹುದೇ ಎಂಬ ಅಂಜಿಕೆ ಮುದುಕಿಯ ನಿದ್ದೆ ತಿಂದಿತ್ತು. ಬಾಯಿ ಬಿಟ್ಟು ಕೇಳಿರಲಿಲ್ಲ.

ಲಲಿತಾ ಬಂದಳು. ಅಂಥ ಕೊಬ್ಬು ಎಮ್ಮೆಯ ಹೊಟ್ಟೆಯಲ್ಲೂ ಚೂರು ಹುಟ್ಟುತ್ತದೆ, ಆದರೆ ವನಸ್ಪತಿಯದಕ್ಕೂ ಅದಕ್ಕೂ ತೂಕ ಒಂದೇ, ಹಾಗೇ ಇಟ್ಟರೆ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ತೂಕದ ಯಂತ್ರಕ್ಕೂ ಬೇರೆ ಮಾಡಲು ಆಗದು ಎಂದಳು. ಶೆಡ್ಡಿಗೆ ಹೊರಟಿದ್ದ ಮಂಜಮ್ಮ ಹೊಸ್ತಿಲಲ್ಲೇ ನಿಂತಳು.

"ನೀವು ಪ್ಯಾಂಟಿನ ಹೊಲಿಗಿ ಬಿಚ್ಚಿದ್ರ ತುಂಡು ಬೇರೆ ಆಗ್ತಾವಲ್ಲ ಮಂಜಕ್ಕ, ಹಂಗ," ಎಂದು ಲಲಿತಾ ಅವಳತ್ತ ತಿರುಗಿದಳು. "ಈ ಕೊಬ್ಬಿನ ಸರಪಳಿಯಾಗ ಒಂದು ಕೊಂಡಿಗೆ ಜೋಡಿಬಂಧ, ಅಂದ್ರ ಎರಡೆಳಿ ಹೊಲಿಗಿ ಇದ್ದಂಗ ಇರ್ತೈತಿ. ಓಜೋನ್ ಗಾಳಿ ಬಿಟ್ರ ಅಲ್ಲೇ ಹರೀತೈತಿ. ತುಂಡು ತೂಗಿದ್ರ ಬಂಧ ಎಲ್ಲಿತ್ತಂತ ಗೊತ್ತಾಗ್ತೈತಿ. ವನಸ್ಪತಿಯದ್ರಾಗ ಅದು ಅಲ್ಲಲ್ಲಿ ಚೆದುರಿರ್ತೈತಿ. ಎಮ್ಮಿದ್ರಾಗ ಹೆಚ್ಚಾಗಿ ಹನ್ನೊಂದನೇ ಕೊಂಡಿಗೆ."

"ನಮ್ದು?" ಪಾಲಮ್ಮ ಕೇಳಿದಳು.

"ಹನ್ನೊಂದಕ್ಕೇ ಐತಿ ಅತ್ತಿ. ತುಪ್ಪ ಚೊಕ್ಕ. ಕೊಟ್ರಬಸಪ್ಪನೋರಿಗೂ ಹೇಳೇ ಬಂದೀನಿ."

ಪಾಲಮ್ಮ ಗುಡಿಯ ದಿಕ್ಕಿಗೆ ತಿರುಗಿ ಕೈಮುಗಿದಳು. ಕಣ್ಣು ತೆರೆದಾಗ ಸೊಸೆ ಅವಳನ್ನೇ ನೋಡುತ್ತಿದ್ದಳು.

"ನಾನು ಬೆರೆಸೀನಿ ಅಂದ್ಕೊಂಡಿದ್ರೇನ್ರಿ ಅತ್ತಿ?" ಮಂಜಮ್ಮನ ದನಿ ಏರಲಿಲ್ಲ.

ಪಾಲಮ್ಮ ಸೊಸೆಯ ಕೈಯಿಂದ ಬುತ್ತಿ ಡಬ್ಬಿ ತೆಗೆದುಕೊಂಡು ಮುಚ್ಚಳ ತೆರೆದಳು. ಗುಡಿಯಿಂದ ತುಪ್ಪ ತಿರುಗಿ ಬಂದ ದಿನದಿಂದ ಸೊಸೆಯ ಬುತ್ತಿಯನ್ನಕ್ಕೆ ಅವಳು ಒಂದು ಹನಿ ತುಪ್ಪ ಹಾಕಿರಲಿಲ್ಲ. ಒಂದು ಚಮಚ ಹಾಕಿದಳು. ಮತ್ತೊಂದು. "ಸಾಕ್ರಿ ಅತ್ತಿ" ಎಂದರೂ ಕೇಳಿಸದವಳಂತೆ, ಅನ್ನ ಮುಳುಗುವ ತನಕ ಹಾಕುತ್ತಲೇ ಇದ್ದಳು.