ಈಜು ಕಲಿಯುವ ಕೋಳಿ

ಏಳು ಮನೆಗಳ ಏಳು ಮಕ್ಕಳು ಬಾತುಕೋಳಿಯ ಚಿತ್ರ ನೋಡಿ ಒಂದೇ ಮಾತು ಹೇಳಿದ್ದರು: “ಕೋಳಿ ಈಜು ಕಲೀತಿದೆ.”

ಕಳ್ಳಿ ಸಿಕ್ಕಿಬಿದ್ದಳು ಎಂದುಕೊಂಡರು ಶೇಕಡಾ ಸಾಹೇಬರು. ಶಿಶು ಬೆಳವಣಿಗೆ ಸಮೀಕ್ಷೆಯ ವಿಶೇಷ ಯೋಜನೆಗಳ ವ್ಯವಸ್ಥಾಪಕರು ಅವರು. ಬಾಯಿ ಬಿಟ್ಟರೆ ಶೇಕಡಾ ಲೆಕ್ಕ, ಹಾಗಾಗಿ ಕಚೇರಿ ಆ ಹೆಸರು ಇಟ್ಟಿತ್ತು. ಮಕ್ಕಳ ವಿಷಯದಲ್ಲಿ ಹದಿನೆಂಟು ವರ್ಷದ ಅನುಭವ. ಅಂದರೆ, ಮಕ್ಕಳ ಫಾರಂಗಳ ವಿಷಯದಲ್ಲಿ. ಜೀವಂತ ಮಗುವೊಂದು ಆ ಕಚೇರಿಯ ಮೆಟ್ಟಿಲು ಹತ್ತಿದ್ದನ್ನು ಕಂಡವರಿಲ್ಲ.

ಫಾರಂ ತುಂಬಿದ ಸಮೀಕ್ಷಕಿ ಎದುರಿಗೆ ನಿಂತಿದ್ದಳು. ಸೇರಿ ಮೂರು ತಿಂಗಳಾಗಿತ್ತು, ಇನ್ನೂ ಕಾಯಂ ಆಗಿರಲಿಲ್ಲ. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಅವಳ ವಜಾ ಪತ್ರ ಟೈಪಾಗಿ ಸಾಹೇಬರ ಸಹಿಗೆ ಕಾದಿತ್ತು. ಅವಳಿಗೆ ಅದು ಕಾಣುತ್ತಿತ್ತು.

ಇನ್ನೊಂದು ಸಾಕ್ಷಿಯೂ ಇತ್ತು. ಬೀದಿಯ ಮೊದಲ ಮನೆಯ ಮಗು ಹದಿನಾಲ್ಕು ಕಿಲೋ. ಎರಡನೆಯ ಮನೆಯದು ನೂರು ಗ್ರಾಂ ಹೆಚ್ಚು. ಮೂರನೆಯದು ಅದಕ್ಕಿಂತ ನೂರು ಗ್ರಾಂ ಹೆಚ್ಚು. ಹೀಗೆ ಕೊನೆಯ ಮನೆಯವರೆಗೂ ಮೆಟ್ಟಿಲು ಕಟ್ಟಿದ ಹಾಗೆ ಏರಿತ್ತು.

“ಮನೇಲಿ ಕೂತು ತುಂಬಿದ್ದೀಯಲ್ಲಮ್ಮ?”

“ಇಲ್ಲ ಸರ್. ಕಂಡದ್ದನ್ನೇ ಬರೆದಿದ್ದೀನಿ. ನನಗೇನು ಅನ್ನಿಸ್ತು ಅಂತಾನೂ ಕೊನೇ ಪುಟದಲ್ಲಿ ಬರೆದಿದ್ದೆ.”

ಕೊನೆಯ ಪುಟವನ್ನು ಸಾಹೇಬರು ಓದುವುದಿಲ್ಲ. ಅದು ಕಂಪ್ಯೂಟರಿಗೆ ಏರುವುದಿಲ್ಲ. ಕಂಪ್ಯೂಟರಿಗೆ ಏರದ್ದು ಜಗತ್ತಿನಲ್ಲಿ ಇಲ್ಲ. ನಿನ್ನ ಅನ್ನಿಸಿಕೆ ಕೇಳಿದವರು ಯಾರು ಎಂದು ಗದರಿದರು.

“ಹಾಗಾದ್ರೆ ನೀವೇ ಬಂದು ಮಕ್ಕಳನ್ನ ಒಂದ್ಸಲ ನೋಡಿ ಸರ್.”

ನೋಡಿಯೇ ಬಿಡೋಣ ಎಂದು ಸಾಹೇಬರು ವಜಾ ಪತ್ರವನ್ನು ಜೇಬಿಗಿಟ್ಟುಕೊಂಡು ಹೊರಟರು. ಕಾರಿನಲ್ಲಿ ಅವಳು ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಸಾಹೇಬರು ಕೈಯೆತ್ತಿ ತಡೆದು, ಅಂಕಿ ಮಾತಾಡಲಿ ಎಂದರು.

ಬೀದಿಗೆ ಅವರ ಪರಿಚಯ ಮೊದಲೇ ಇತ್ತು. ಮಗುವಿನ ಅಂಕಗಳನ್ನು ಹತ್ತಿರದ ಶಾಲೆಗೆ ಕಳುಹಿಸಲಾಗುವುದು ಎಂಬ ಅವರ ಪತ್ರ ಪ್ರತಿ ಮನೆಗೂ ತಲುಪಿತ್ತು. ಜನ ಸಹಕರಿಸಲಿ ಎಂದು ಅವರೇ ತಲೆ ಓಡಿಸಿ ಸೇರಿಸಿದ ವಾಕ್ಯ ಅದು. ಸಹಕಾರಕ್ಕೇನು ಕಮ್ಮಿ? ಕಾರು ನಿಲ್ಲುವಷ್ಟರಲ್ಲಿ ಏಳೂ ಮನೆಗಳ ಬಾಗಿಲು ತೆರೆದವು.

ಮೊದಲನೆಯದು ಬಟ್ಟೆ ಹೊಲಿಯುವವಳ ಮನೆ. ಪರೀಕ್ಷೆಗೂ ಸಾಹೇಬರದೇ ನಿಯಮ: ಪರೀಕ್ಷಕರ ಮುಖಭಾವ ಮಗುವಿನ ಉತ್ತರ ಕೆಡಿಸಬಾರದು. ಆದ್ದರಿಂದ ನಡುವೆ ಒಂದು ರಟ್ಟಿನ ಪರದೆ. ಅದರ ಕೆಳಗಿನ ಸಂದಿನಲ್ಲಿ ಕಾಣುವುದು ತೂಕದ ಯಂತ್ರ ಮತ್ತು ಎರಡು ಪುಟ್ಟ ಪಾದ. ವಿಜ್ಞಾನಕ್ಕೆ ಅಷ್ಟು ಸಾಕು.

ಮುಳ್ಳು ಹದಿನಾಲ್ಕು ಕಿಲೋದಲ್ಲಿ ನಿಂತಿತು. ಚಿತ್ರ ತೋರಿಸಿದರು.

“ಕೋಳಿ ಈಜು ಕಲೀತಿದೆ,” ಎಂದಿತು ಪರದೆಯ ಆಚೆಯ ದನಿ.

ಸಾಹೇಬರ ಹುಬ್ಬು ಏರಿತು. ಖುದ್ದಾಗಿ ಪರೀಕ್ಷಿಸಿದ್ದೇನೆ ಎಂದು ಫಾರಂಗೆ ಸಹಿ ಹಾಕಿದರು. ಅದೂ ಅವರದೇ ನಿಯಮ. ಜಾಣಮರಿ ಎಂದು ತಾಯಿ ಮಗುವಿಗೆ ಒಂದು ಬಾಳೆಹಣ್ಣು ಕೊಟ್ಟಳು.

ಎರಡನೆಯ ಮನೆಯಲ್ಲಿ ಮಗು ಮಲಗಿತ್ತು, ಐದು ನಿಮಿಷ ಕಾಯಿಸಿದರು. ಮೂರನೆಯ ಮನೆಯಲ್ಲಿ ಮುಖ ತೊಳೆಯುತ್ತಿತ್ತು. ನಾಲ್ಕನೆಯ ಮನೆಯಲ್ಲಿ ನಾಚಿಕೊಂಡು ಹಿತ್ತಲಿಗೆ ಓಡಿಹೋಗಿತ್ತು. ಹುಡುಗಿಯರಿಗೆ ಕೆಂಪು ಕಾಲುಚೀಲ, ಹುಡುಗರಿಗೆ ನೀಲಿ. ಪರೀಕ್ಷೆ ಮುಗಿದ ಮೇಲೆ ಎಲ್ಲ ಕಡೆಯೂ ಹಾಲೋ ಹಣ್ಣೋ ಏನಾದರೊಂದು ಉಪಚಾರ. ಎಲ್ಲ ಕಡೆಯೂ ಕೋಳಿ ಈಜು ಕಲಿಯುತ್ತಿತ್ತು. ತೂಕ ಮಾತ್ರ ಮನೆಯಿಂದ ಮನೆಗೆ ನೂರು ಗ್ರಾಂ ಏರುತ್ತ ಹೋಯಿತು.

ಐದನೆಯ ಮನೆಯ ಜಗಲಿಯಲ್ಲಿ ಸಾಹೇಬರಿಗೆ ಜ್ಞಾನೋದಯವಾಯಿತು. ಮುಖ್ಯ ರಸ್ತೆಯಿಂದ ದೂರ ಹೋದಷ್ಟೂ ಹೊಗೆ ಕಡಿಮೆ. ಹೊಗೆ ಕಡಿಮೆಯಾದಷ್ಟೂ ಮಗು ಗುಂಡಗೆ. ಕೋಳಿಯ ಮಾತು ಒಟ್ಟಿಗೆ ಆಡಿ ಬೆಳೆದ ಮಕ್ಕಳ ಸಾಮೂಹಿಕ ಪ್ರತಿಭೆ. ಅಲ್ಲಿಂದಲೇ ನಿರ್ದೇಶಕರಿಗೆ ಫೋನ್ ಮಾಡಿದರು. ನಿರ್ದೇಶಕರೋ, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ. ಭೇಷ್ ಎಂದರು, ನಾಳೆಯೇ ಪತ್ರಿಕೆಯವರನ್ನು ಕರೆಸುತ್ತೇನೆ ಎಂದರು.

ಆರನೆಯ ಮನೆಯಲ್ಲಿ ಹಾಲಿನ ಲೋಟ ಬಂದಾಗ ಪರದೆಯ ಆಚೆಯಿಂದ “ಬೇಡ, ಹೊಟ್ಟೆ ತುಂಬಿದೆ” ಎಂಬ ಮಾತು ಕೇಳಿತು. ‘ಪೌಷ್ಟಿಕತೆ ತೃಪ್ತಿಕರ’ ಎಂದು ಸಾಹೇಬರು ಗುರುತು ಹಾಕಿಕೊಂಡರು.

ಏಳನೆಯ ಮನೆಯ ಪಕ್ಕದಲ್ಲಿ ಬೀಗ ಹಾಕಿದ ಮನೆಯೊಂದಿತ್ತು. ಒಳಗಿನಿಂದ ಚಿಳ್ಳೆಪಿಳ್ಳೆಗಳ ಗದ್ದಲ. ಏನದು ಎಂದಾಗ ಏಳನೆಯ ಮನೆಯಾಕೆ ಟೀವಿ ಸರ್ ಎಂದಳು. ಟೀವಿ ಹಾಕಿಟ್ಟು ಬೀಗ ಜಡಿದು ಹೋಗುವ ಜನ! ವಿದ್ಯುತ್ ಪೋಲು ಮಾಡುವವರ ಬಗ್ಗೆ ಸಾಹೇಬರು ಎರಡು ಮಾತು ಗೊಣಗಿ ಒಳಗೆ ಹೋದರು.

ಹದಿನಾಲ್ಕು ಕಿಲೋ ಆರು ನೂರು ಗ್ರಾಂ. ಕೋಳಿ, ಈಜು, ಎಲ್ಲ ಸರಿಯಾಗಿತ್ತು. ಏಳನೆಯ ಸಹಿ ಬಿತ್ತು.

ಸಾಹೇಬರು ಜೇಬಿನಿಂದ ವಜಾ ಪತ್ರ ತೆಗೆದು ಹರಿದರು. ನಿನ್ನನ್ನು ಸುಮ್ಮನೆ ಅನುಮಾನಿಸಿದೆ ಕಣಮ್ಮ ಎಂದರು. ಹದಿನೆಂಟು ವರ್ಷದಲ್ಲಿ ಅವರು ತಪ್ಪೊಪ್ಪಿಕೊಂಡದ್ದು ಅದೇ ಮೊದಲು, ಅದೂ ತಪ್ಪು ಜಾಗದಲ್ಲಿ.

ಸಮೀಕ್ಷಕಿಯ ಮುಖಕ್ಕೆ ಬೆಳಗ್ಗೆಯಿಂದ ಹೋಗಿದ್ದ ಜೀವ ಮರಳಿತು. “ಏಳು ಮಕ್ಕಳನ್ನೂ ನೀವೇ ನೋಡಿದ್ರಲ್ಲ ಸರ್?”

“ಕಣ್ಣಾರೆ.”

“ಹಾಗಂತ ಒಂದು ಸಾಲು ಬರೆದುಕೊಡ್ತೀರಾ? ನನ್ನ ಕೆಲಸ ಕಾಯಂ ಅಂತಾನೂ.”

ಬರೆದು, ದಿನಾಂಕ ಹಾಕಿ, ಅಡಿಗೆರೆ ಎಳೆದು ಕೊಟ್ಟರು. ಅವಳು ಕಾಗದವನ್ನು ಎರಡು ಸಲ ಓದಿ ಚೀಲದಲ್ಲಿಟ್ಟುಕೊಂಡಳು. ಆಮೇಲೆ ರಟ್ಟಿನ ಪರದೆಯನ್ನು ನಿಧಾನವಾಗಿ ಮಡಿಸಿದಳು.

ಉಬ್ಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಾಲ್ಕು ವರ್ಷದ ಮಗುವೊಂದು ನಿಂತಿತ್ತು. ಒಂದು ಕಾಲಿಗೆ ಕೆಂಪು ಚೀಲ, ಇನ್ನೊಂದಕ್ಕೆ ಅವಸರದಲ್ಲಿ ನೀಲಿ. ಸಾಹೇಬರು ಎಂದೂ ಇಲ್ಲದ ಅಕ್ಕರೆಯಿಂದ ಬಗ್ಗಿ, ನಿನ್ನ ಹೆಸರೇನು ಪುಟ್ಟ ಎಂದು ಕೇಳಿದರು.

“ಈ ಮನೇಲಿ ನನ್ನ ಹೆಸರೇನು ಅಂತ ಆಂಟಿ ಇನ್ನೂ ಹೇಳ್ಕೊಟ್ಟಿಲ್ಲ.”