ನೂರು ವೋಲ್ಟಿನ ಊರು

ಸಹನಾ ಸ್ಕ್ರೂ ಬಿಚ್ಚಿ ಗೇಮ್ ಪೆಟ್ಟಿಗೆಯ ಮುಚ್ಚಳ ಎತ್ತುತ್ತಲೇ ಸುಟ್ಟ ವಾಸನೆ ಪಾವಗಡದ ಆ ಪುಟ್ಟ ರಿಪೇರಿ ಅಂಗಡಿಯನ್ನೆಲ್ಲ ತುಂಬಿತು. ಎದುರಿನ ಸ್ಟೂಲಿನ ಮೇಲಿದ್ದ ಬಲಸಮುದ್ರದ ಚಿಕ್ಕನರಸಯ್ಯ, ಆ ವಾಸನೆಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ಬೀದಿ ಕಡೆ ಮುಖ ತಿರುಗಿಸಿದ.

"ತಾತ, ಜಪಾನಿಂದು ಇದು. ನೂರು ವೋಲ್ಟಿಗೆ ಮಾಡಿರೋದು. ಸೀದಾ ಮನೆ ಕರೆಂಟ್‌ಗೆ ಹಾಕ್ದೋರು ಯಾರು?"

"ನಾನೇ. ನೂರು ಅಂತ ನನ್ ಮಗಾನೂ ಹೇಳಿದ್ದ. ನಮ್ಮೂರಾಗೆ ಬರೋದೂ ನೂರೋ ನೂರಾ ಹತ್ತೋ. ಸರಿಹೋಯ್ತದೆ ಅಂತ ಹಾಕ್ದೆ."

ಮಗ ಭೀಮರಾಜು ಸೋಲಾರ್ ಪಾರ್ಕಿನ ನೌಕರ. ಟಿವಿಗೆ ಸಿಕ್ಕಿಸಿ ಆಡುವ ಈ ಹಳೇ ಕಾಲದ ಪೆಟ್ಟಿಗೆಯನ್ನು ಚಿಕ್ಕಂದಿನಿಂದ ಬಯಸಿ ಬಯಸಿ, ಈಗ ಜಪಾನಿನಿಂದ ತರಿಸಿಕೊಂಡಿದ್ದ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬರುವವರೆಗೂ ಮುಟ್ಟಬೇಡ ಎಂದು ಹೇಳಿಯೇ ಬೆಳಗ್ಗೆ ಡ್ಯೂಟಿಗೆ ಹೋಗಿದ್ದ. ಆದರೆ ಕರೆಂಟಿನ ವಿಷಯ ಚಿಕ್ಕನರಸಯ್ಯನಿಗೆ ಇನ್ನೊಬ್ಬರು ಹೇಳಿಕೊಡುವುದೇ? ಬಲ್ಬಿನ ತಂತಿ ಕೆಂಪಗಿದೆಯೋ ಹಳದಿಯಾಗಿದೆಯೋ ನೋಡಿಯೇ ವೋಲ್ಟೇಜ್ ಅಂದಾಜು ಮಾಡಿ, ಮೋಟಾರು ನೀರೆಳೆಯುತ್ತದೋ ಇಲ್ಲವೋ ಎಂದು ಹೇಳುತ್ತಿದ್ದ ಮನುಷ್ಯ. ಅವನು ಬೇಡವೆಂದರೆ ಊರಲ್ಲಿ ಯಾರೂ ಸ್ಟಾರ್ಟರ್ ಮುಟ್ಟುತ್ತಿರಲಿಲ್ಲ. ಅಂಥವನು ಈಗ ಮಗನ ಮುಂದೆ ತಲೆ ತಗ್ಗಿಸಬೇಕು. ಅದಾದರೂ ಹಾಳಾಗಲಿ, ಪಾರ್ಸೆಲ್ ಬಿಚ್ಚುವಾಗ ಆ ನಡುವಯಸ್ಸಿನ ಮಗನ ಮುಖದಲ್ಲಿ ಅರಳಿದ್ದ ನಗು ನೆನಪಾದರೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

"ಅವ್ನು ಸಂಜೆ ಮನೆಗೆ ಬರೋದ್ರೊಳಗೆ ಆಯ್ತದಾ ಕಣಮ್ಮ?"

"ಆಗ್ದೆ ಏನು? ನನ್ ಕೈಗೆ ಬಂದಿದ್ದು ಹಂಗೇ ವಾಪಸ್ ಹೋಗಿದ್ದುಂಟಾ?" ಎನ್ನುತ್ತ ಸಹನಾ, ಪರೀಕ್ಷೆಗೆಂದು ಮೇಜಿನ ಮೇಲೆ ನೇತುಬಿಟ್ಟಿದ್ದ ಹಳೇ ತಂತಿ ಬಲ್ಬಿನ ಮೂಲಕ, ಪೆಟ್ಟಿಗೆಯ ಜೊತೆ ಬಂದಿದ್ದ ಅಡಾಪ್ಟರಿಗೆ ಕರೆಂಟ್ ಕೊಟ್ಟಳು. ಬಲ್ಬು ಝಗ್ಗೆಂದು ಹತ್ತಿಕೊಂಡಿತು. "ಒಳಗೆಲ್ಲ ಶಾರ್ಟು," ಎಂದು ಅಡಾಪ್ಟರನ್ನು ಬುಟ್ಟಿಗೆ ಎಸೆದಳು. ಬೋರ್ಡಿನಿಂದ ಕಪ್ಪಾಗಿದ್ದ, ವೋಲ್ಟೇಜನ್ನು ಹದ್ದುಬಸ್ತಿನಲ್ಲಿಡುವ ಮೂರು ಕಾಲಿನ ರೆಗ್ಯುಲೇಟರನ್ನು ಕಿತ್ತು ಅವನಿಗೆ ತೋರಿಸಿದಳು. "ನೋಡು ತಾತ, ಇವಯ್ಯ ತಾನು ಏಟು ತಿಂದು ಮಿಕ್ಕೋರ್ನೆಲ್ಲ ಉಳಿಸವ್ನೆ. ಇಂಥವು ನನ್ ಡಬ್ಬೀಲಿ ಬೇಕಾದಷ್ಟವೆ."

ಬೆಸುಗೆ ಹಾಕುತ್ತ, ತಲೆಯೆತ್ತದೆ ಕೇಳಿದಳು. "ನಿಮ್ ಲೈನಲ್ಲಿ ಈಗ ಯಾರ್ಯಾರ ಮೋಟ್ರು ಓಡ್ತವೆ?"

"ಯಾರ್ದು ಅಂದ್ರೆ... ದೊಡ್ಡರಂಗಪ್ಪಂದು. ಅಲ್ಲ, ಅವ್ನ ಹೊಲಕ್ಕೆ ಸೋಲಾರ್ ಪ್ಲೇಟು ಬಂದ್ಬುಟ್ವು. ಕದಿರಯ್ಯಂದು... ಅಲ್ಲೂ ಪ್ಲೇಟೇ. ಆಮೇಲೆ ನಂದು..." ಚಿಕ್ಕನರಸಯ್ಯ ಎಣಿಸುತ್ತಿದ್ದ ಬೆರಳು ಮಡಚಿಕೊಂಡ. ಅವನ ಹೊಲವನ್ನೂ ಪಾರ್ಕಿಗೆ ಗುತ್ತಿಗೆ ಕೊಟ್ಟಾಗಿತ್ತು.

"ಕರೆಂಟ್ ಎಳ್ಯೋ ಮೋಟ್ರೇ ಇಲ್ಲ ಅಂದ್ಮೇಲೆ ವೋಲ್ಟೇಜ್ ಯಾಕೆ ಬೀಳ್ತದೆ ತಾತ? ಪೂರಾ ಇನ್ನೂರ ಮೂವತ್ತು ಬರ್ತಿರ್ತೈತೆ. ನಿಂಗೆ ಗೊತ್ತೇ ಆಗ್ಲಿಲ್ವಾ?"

"ಹೆಂಗೆ ಗೊತ್ತಾಯ್ತದೆ? ಮನೆ ತುಂಬ ಎಲ್‌ಇಡಿ ಬಲ್ಬು. ಕಮ್ಮಿ ಬರ್ಲಿ ಜಾಸ್ತಿ ಬರ್ಲಿ, ಒಂದೇ ಮುಖ ಇಟ್ಕೊಂಡಿರ್ತವೆ."

ಸಹನಾ ನಕ್ಕಳು. ನಮ್ಮ ಕರೆಂಟಿಗೇ ಹೊಂದುವ ಬೇರೆ ಅಡಾಪ್ಟರ್ ಹುಡುಕಿ ಸಿಕ್ಕಿಸಿದಳು. ಮೂಲೆಯ ಟಿವಿಯಲ್ಲಿ ಪುಟ್ಟ ವಿಮಾನವೊಂದು ಟುಂಯ್ ಟುಂಯ್ ಎಂದು ಗುಂಡು ಹಾರಿಸುತ್ತ ಮೇಲೆದ್ದಿತು. ಚಿಕ್ಕನರಸಯ್ಯನಿಗೆ ಹೋದ ಜೀವ ಬಂದಂತಾಯಿತು. ಪೆಟ್ಟಿಗೆಯನ್ನು ಚೀಲಕ್ಕಿಳಿಸಿ ಹೊರಟವನು ಬಾಗಿಲಲ್ಲಿ ನಿಂತು, "ಆ ತಂತಿ ಬಲ್ಬು ಇನ್ನೊಂದಿದ್ರೆ ಕೊಡಮ್ಮ," ಎಂದ.

ಸಂಜೆ ಭೀಮರಾಜು ಮನೆಗೆ ಬಂದಾಗ ಟಿವಿಯಲ್ಲಿ ವಿಮಾನ ಹಾರಲು ಕಾದಿತ್ತು. "ಅಪ್ಪಾ, ಹಾಕ್ಬುಟ್ಯಾ?"

"ಹಾಕ್ದೆ. ಸುಟ್ಟೋಯ್ತು. ನಂದೇ ತಪ್ಪು. ಸರಿ ಮಾಡಿಸ್ಕೊಂಡು ಬಂದಿವ್ನಿ, ಕುಂತ್ಕೊಂಡು ಆಡು."

ಬೈಯಲು ಬಾಯಿ ತೆರೆದ ಭೀಮರಾಜು ಆಟದ ಸದ್ದು ಕೇಳಿ ನೆಲಕ್ಕೆ ಕೂತು ಆಡತೊಡಗಿದ. ಸ್ವಲ್ಪ ಹೊತ್ತಾದ ಮೇಲೆ ತಲೆಯೆತ್ತಿ, ಎಲ್‌ಇಡಿ ಇದ್ದ ಜಾಗದಲ್ಲಿ ಉರಿಯುತ್ತಿದ್ದ ತಂತಿ ಬಲ್ಬು ನೋಡಿ, "ಇದ್ಯಾಕಪ್ಪ ಈ ಹಳೇ ಬಲ್ಬು?" ಎಂದ.

ಎಷ್ಟೋ ವರ್ಷ ಕಣ್ಣಿಟ್ಟು ಬಲ್ಬಿನ ತಂತಿ ನೋಡುತ್ತಿದ್ದ ಚಿಕ್ಕನರಸಯ್ಯನಿಗೆ ಇವತ್ತು ಅದರ ಬಿಳಿ ಬೆಳಕನ್ನು ದಿಟ್ಟಿಸಲು ಆಗಲಿಲ್ಲ. ಕೈ ಅಡ್ಡ ಹಿಡಿದುಕೊಂಡೇ ಹೇಳಿದ.

"ಈಗ ಸ್ಟಾರ್ಟರ್ ಒತ್ತಿದ್ರೆ ಒಂದೇ ಏಟ್ಗೆ ನೀರು ಬೀಳ್ತದೆ ಕಣ್ಲಾ."